ಕಾಟನ್-ಟಾಪ್ ಟ್ಯಾಮರಿನ್ ಬಂದಿಳಿದ ಮೇಲೆ: ಮೊದಲ 30 ದಿನ

ತಲೆ ಮೇಲೆ ಬಿಳಿ ಜುಟ್ಟಿರುವ ಕಾಟನ್-ಟಾಪ್ ಟ್ಯಾಮರಿನ್ ವಾಯವ್ಯ ಕೊಲಂಬಿಯಾದ ಕಾಡಿನ ಕೋತಿ. ತೂಕ ಅರ್ಧ ಕಿಲೋಗೂ ಕಡಿಮೆ. ಅಳಿವಿನ ಅಂಚಿಗೆ ಬಂದಿರುವ ಪ್ರಾಣಿಯಿದು, ಮೃಗಾಲಯ ಸೇರುವ ಒಂದೊಂದು ಕುಟುಂಬವೂ ಅಮೂಲ್ಯ.

ಸಿದ್ಧತೆ ಅವು ಹೊರಡುವ ಮೊದಲೇ ಆಗಬೇಕು. ಆಮದು ನಿಯಮ ಒಪ್ಪಿದರೆ, ಅವು ಮಲಗುತ್ತಿದ್ದ ಗೂಡುಪೆಟ್ಟಿಗೆಯನ್ನು ತೊಳೆಯದೆ ಜೊತೆಗೇ ತರಿಸಿ. ಕ್ವಾರಂಟೈನ್ ಕೋಣೆ ಸುಮಾರು 25 ಡಿಗ್ರಿ ಬೆಚ್ಚಗಿರಲಿ, ರಾತ್ರಿಯೂ 18ಕ್ಕಿಂತ ಕೆಳಗೆ ಇಳಿಯದಿರಲಿ. ಗೂಡುಪೆಟ್ಟಿಗೆ, ಊಟದ ಬಟ್ಟಲು ಎರಡನ್ನೂ ಎತ್ತರದಲ್ಲಿಡಿ. ನೆಲಕ್ಕಿಳಿಯಲು ಇವಕ್ಕೆ ಹೆದರಿಕೆ. ಬಂದ ದಿನ ದೀಪ ಮಂದ ಮಾಡಿ, ಪ್ರಯಾಣದ ಬೋನಿನ ಬಾಗಿಲು ತೆರೆದು ಹೊರನಡೆಯಿರಿ. ಕೈಹಾಕಿ ಎಳೆಯಬೇಡಿ.

ದೊಡ್ಡ ಅಪಾಯ ಇರುವುದು ನಮ್ಮ ಬಾಯಲ್ಲಿ. ಮನುಷ್ಯರ ತುಟಿಯ ಮೇಲೆ ಗುಳ್ಳೆ ಎಬ್ಬಿಸಿ ಸುಮ್ಮನಾಗುವ ಹರ್ಪಿಸ್ ವೈರಾಣು ಇವುಗಳನ್ನು ಕೊಂದೇಬಿಡಬಲ್ಲದು. ಮಾಸ್ಕ್, ಗ್ಲೌಸ್ ಕಡ್ಡಾಯ. ತುಟಿಯಲ್ಲಿ ಗುಳ್ಳೆ ಎದ್ದವರು, ನೆಗಡಿ ಇರುವವರು ಒಳಗೆ ಹೋಗಲೇಬಾರದು. ಕ್ವಾರಂಟೈನ್ ಕನಿಷ್ಠ 30 ದಿನ. ಆ ಅವಧಿಯಲ್ಲಿ ದಿನ ಬಿಟ್ಟು ಮೂರು ಸಲವಾದರೂ ಮಲ ಪರೀಕ್ಷೆ ಮಾಡಿಸಿ. ತಕ್ಕಡಿಯ ಮೇಲೆ ತಿಂಡಿಯಿಟ್ಟರೆ ಹಿಡಿಯದೆಯೇ ತೂಕ ಸಿಗುತ್ತದೆ. ಹತ್ತನೇ ಒಂದು ಪಾಲು ಇಳಿದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಒತ್ತಡ ಹೆಚ್ಚಾದಾಗ ಈ ಜಾತಿಯ ದೊಡ್ಡ ಕರುಳು ಬೇಗ ಕೆಡುತ್ತದೆ, ಭೇದಿ ಹಿಡಿಯುತ್ತದೆ.

ಆಹಾರ ಮೊದಲ ವಾರ ಹಳೆಯದೇ ಇರಲಿ, ಮುಂದಿನ ಹತ್ತು ದಿನಗಳಲ್ಲಿ ನಿಧಾನವಾಗಿ ಬದಲಿಸಿ. ಬೆಳಿಗ್ಗೆ ಮೊದಲು ಟ್ಯಾಮರಿನ್‌ಗಳಿಗೆಂದೇ ತಯಾರಾದ ಪೆಲೆಟ್ (ಒಣ ಆಹಾರದ ಗುಳಿಗೆ) ಕೊಡಿ, ಹಣ್ಣು ಆಮೇಲೆ. ಹಣ್ಣು ಕಂಡರೆ ಪೆಲೆಟ್ ಮುಟ್ಟುವುದಿಲ್ಲ, ವಿಟಮಿನ್ ಡಿ3 ಸಿಗುವುದು ಪೆಲೆಟ್‌ನಲ್ಲೇ. ಇದೇ ವಿಟಮಿನ್‌ನ ಇನ್ನೊಂದು ರೂಪವಾದ ಡಿ2 ಇವುಗಳ ಮೈಗೆ ಅಷ್ಟಾಗಿ ಒಗ್ಗದು. ಕಿಟಕಿ ಗಾಜು ದಾಟಿ ಬಂದ ಬಿಸಿಲೂ ಸಾಲದು, ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತದೆ. ಕೊರತೆಯಾದರೆ ಮೂಳೆ ಮೆತ್ತಗಾಗುತ್ತದೆ, ಮರಿಗಳ ಕಾಲು ಸೊಟ್ಟಗಾಗುತ್ತವೆ. ಮಿಡತೆಯಂಥ ಕೀಟ ಕೊಡುವಾಗ ಕ್ಯಾಲ್ಸಿಯಂ ಪುಡಿ ಉದುರಿಸಿ.

ಕೊಂಬೆಗಳನ್ನೆಲ್ಲ ಒಂದೇ ದಿನ ತೊಳೆಯಬೇಡಿ. ಟ್ಯಾಮರಿನ್‌ಗಳು ಕೊಂಬೆಗಳ ಮೇಲೆ ಬಳಿದ ತಮ್ಮ ಮೈವಾಸನೆಯೇ ಕುಟುಂಬದ ಗುರುತು. ಪೂರ್ತಿ ಅಳಿಸಿದರೆ ಕಳವಳಗೊಂಡು ಮತ್ತೆ ಮತ್ತೆ ಬಳಿಯುತ್ತಲೇ ಇರುತ್ತವೆ. ಇವತ್ತು ಅರ್ಧ, ಎರಡು ಮೂರು ದಿನ ಬಿಟ್ಟು ಉಳಿದರ್ಧ. ಕಾಯಿಲೆ ಬಿದ್ದದ್ದನ್ನು ಬೇರೆಡೆಗೆ ಒಯ್ಯುವುದಕ್ಕಿಂತ ಪಕ್ಕದಲ್ಲೇ ಜಾಲರಿಯಾಚೆ, ಉಳಿದವುಗಳ ಕಣ್ಣಿಗೆ ಬೀಳುವಂತೆ ಇಡಿ. ಹೆಚ್ಚು ದಿನ ದೂರವಿದ್ದು ಮರಳಿದರೆ ಸ್ವಂತ ಕುಟುಂಬವೇ ಅದರ ಮೇಲೆ ಬಿದ್ದು ಕಚ್ಚಬಹುದು.