800 ಮೀಟರ್: ಮೂರನೇ ಇನ್ನೂರರಲ್ಲಿ ಕುಸಿಯದೆ ಓಡುವುದು ಹೇಗೆ?

ತಾಲ್ಲೂಕು ಮಟ್ಟದ ಯಾವುದಾದರೂ ಕ್ರೀಡಾಕೂಟದಲ್ಲಿ 800 ಮೀಟರ್ ಓಟವನ್ನು ಗಮನಿಸಿ. ಸದ್ದು ಕೇಳಿದ್ದೇ ತಡ, ಎಲ್ಲರೂ ನೂರು ಮೀಟರಿಗೆ ಹೊರಟವರ ಹಾಗೆ ಚಿಮ್ಮುತ್ತಾರೆ. ಮೊದಲ ಸುತ್ತು ಮುಗಿಯುವಾಗ ಗೆಳೆಯರ ಕೂಗು ಜೋರಾಗಿರುತ್ತದೆ. ಅಲ್ಲಿಂದ ಮುಂದಿನ ತಿರುವು ದಾಟುವಷ್ಟರಲ್ಲಿ ಅರ್ಧದಷ್ಟು ಮಂದಿಯ ಭುಜ ಕಿವಿಯ ಹತ್ತಿರಕ್ಕೆ ಏರಿರುತ್ತದೆ, ಹೆಜ್ಜೆ ಗಿಡ್ಡವಾಗಿರುತ್ತದೆ. ಕೊನೆಯ ನೂರು ಮೀಟರಿನಲ್ಲಿ ಒಬ್ಬ ಎಲ್ಲರನ್ನೂ ಹಿಂದೆ ಹಾಕಿ ಬರುತ್ತಾನೆ. ನೋಡುವವರಿಗೆ ಅವನು ವೇಗ ಹೆಚ್ಚಿಸಿದಂತೆ ಕಾಣುತ್ತದೆ. ನಿಜವಾಗಿ ಅವನು ಉಳಿದವರಷ್ಟು ನಿಧಾನವಾಗಿರುವುದಿಲ್ಲ, ಅಷ್ಟೆ.

1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಅಮೆರಿಕದ ಡೇವ್ ವಾಟಲ್ ತಲೆಗೆ ಟೋಪಿ ಹಾಕಿಕೊಂಡು ಕಟ್ಟಕಡೆಯವನಾಗಿ ಓಡುತ್ತಿದ್ದ. ಕೊನೆಯಲ್ಲಿ ಒಬ್ಬೊಬ್ಬರನ್ನೇ ದಾಟಿ, ಸೋವಿಯತ್ ಓಟಗಾರ ಅರ್ಜಾನೋವ್‌ನನ್ನು ಗೆರೆಯ ಮೇಲೆ ಕೂದಲೆಳೆಯಲ್ಲಿ ಸೋಲಿಸಿದ. ಅವನ ನಾಲ್ಕು ಇನ್ನೂರುಗಳ ಸಮಯ ನೋಡಿದರೆ ಪವಾಡವೇನೂ ಕಾಣುವುದಿಲ್ಲ: ನಾಲ್ಕೂ 26ರಿಂದ 27 ಸೆಕೆಂಡಿನ ನಡುವೆಯೇ ಇವೆ. ಮುಂದಿದ್ದವರು ಕುಸಿದರು, ಅವನು ಕುಸಿಯಲಿಲ್ಲ.

ಆದ್ದರಿಂದ 800 ಮೀಟರಿನ ಸಮಯ ಇಳಿಸಬೇಕೆನ್ನುವವರು ಮೊದಲು ಚಿಂತಿಸಬೇಕಾದದ್ದು ಕೊನೆಯ ನೂರರ ಬಗ್ಗೆ ಅಲ್ಲ, 400ರಿಂದ 600ರವರೆಗಿನ ಭಾಗದ ಬಗ್ಗೆ. ಉದಾಹರಣೆಗೆ ಈಗ 2 ನಿಮಿಷ 14 ಸೆಕೆಂಡಿನಲ್ಲಿ ಓಡುವ ಕಾಲೇಜು ಹುಡುಗನೊಬ್ಬ 2:08ಕ್ಕೆ ಇಳಿಯಬೇಕೆಂದುಕೊಳ್ಳೋಣ. ಹನ್ನೆರಡು ವಾರ ಕೈಯಲ್ಲಿದ್ದರೆ ಒಳ್ಳೆಯದು. ಹುಡುಗಿಯರಿಗೂ ಇದೇ ಲೆಕ್ಕ, ಅಂಕಿಗಳನ್ನಷ್ಟೇ ನಿಮ್ಮ ಸಮಯಕ್ಕೆ ಹೊಂದಿಸಿಕೊಳ್ಳಿ.

ಮೊದಲು ಅಳತೆ

ಶಾಲಾ ಮೈದಾನದ "ನಾನೂರು ಮೀಟರ್" ಎಷ್ಟೋ ಕಡೆ 380 ಇರುತ್ತದೆ, ಕೆಲವೆಡೆ 410. ಟೇಪ್ ತಂದು ಅಳೆಯಿರಿ. ಸುಣ್ಣದ ಒಳಗೆರೆಯ ಮೇಲೆ ಅಳೆಯಬಾರದು, ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೆಯಬೇಕು. ಪ್ರತಿ ಇನ್ನೂರಕ್ಕೆ ಒಂದು ಗೂಟವನ್ನೋ ಕಲ್ಲನ್ನೋ ಗುರುತಿಡಿ. ಇಷ್ಟು ಮಾಡದಿದ್ದರೆ ಸ್ಟಾಪ್‌ವಾಚ್ ಹೇಳುವುದೆಲ್ಲ ಕಟ್ಟುಕಥೆ.

ನಂತರ ಎರಡು ಬೇರೆ ಬೇರೆ ದಿನ ಒಂದು 400 ಮತ್ತು ಒಂದು 800 ಪೂರ್ತಿ ಬಲ ಹಾಕಿ ಓಡಿ. ನಾನೂರರ ಸಮಯವನ್ನು ಎರಡರಿಂದ ಗುಣಿಸಿ, 800ರ ಸಮಯದಿಂದ ಕಳೆಯಿರಿ. ವ್ಯತ್ಯಾಸ ಸುಮಾರು 10ರಿಂದ 14 ಸೆಕೆಂಡು ಇದ್ದರೆ ವೇಗವೂ ದಮ್ಮೂ ಹೊಂದಿಕೊಂಡಿವೆ. 400 ಮೀಟರನ್ನು 58ರಲ್ಲಿ ಓಡಿ 800ಕ್ಕೆ 2:14 ತೆಗೆದುಕೊಳ್ಳುವವನಿಗೆ ವ್ಯತ್ಯಾಸ 18. ಅವನಿಗೆ ದಮ್ಮು ಸಾಲದು. 63ರಲ್ಲಿ ಓಡಿ 2:14 ಮಾಡುವವನಿಗೆ ವ್ಯತ್ಯಾಸ ಎಂಟೇ. ಅವನು ಎಷ್ಟು ಕಿಲೋಮೀಟರ್ ಓಡಿದರೂ ವೇಗ ಬೆಳೆಯದ ಹೊರತು ಸಮಯ ಇಳಿಯುವುದಿಲ್ಲ. ಮುಂದಿನ ತಾಲೀಮಿನಲ್ಲಿ ಯಾವುದಕ್ಕೆ ಒತ್ತು ಕೊಡಬೇಕೆಂಬುದು ಈ ಒಂದು ಕಳೆಯುವ ಲೆಕ್ಕದಿಂದಲೇ ತಿಳಿಯುತ್ತದೆ.

ಮೊದಲ ಐದು ವಾರ: ನಿಧಾನ ಓಟ

ಎರಡು ಸುತ್ತಿನ ಓಟಕ್ಕೆ ನಲವತ್ತು ನಿಮಿಷ ಓಡುವುದೇಕೆ ಎಂದು ಹುಡುಗರು ಕೇಳುತ್ತಾರೆ. 800 ಮೀಟರಿಗೆ ಬೇಕಾದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಉಸಿರಿನ ಆಮ್ಲಜನಕದ ನೆರವಿನಿಂದಲೇ ಬರುತ್ತದೆ. ಉಳಿದ ಪಾಲು ಸ್ನಾಯುಗಳೊಳಗೆ ಆಮ್ಲಜನಕವಿಲ್ಲದೆ ಹುಟ್ಟುವ ಶಕ್ತಿ. ಈ ಎರಡನೆಯದು ಎಷ್ಟು ವೇಗವಾಗಿ ಸಿಗುತ್ತದೋ ಅಷ್ಟೇ ಬೇಗ ಖಾಲಿಯಾಗುತ್ತದೆ, ಹೋಗುವಾಗ ಕಾಲನ್ನು ಕಟ್ಟಿಹಾಕಿ ಹೋಗುತ್ತದೆ. ಮೊದಲ ಪಾಲು ದೊಡ್ಡದಿದ್ದಷ್ಟೂ ಎರಡನೆಯದನ್ನು ಓಟದ ಕೊನೆಯವರೆಗೆ ಉಳಿಸಿಕೊಳ್ಳಬಹುದು.

ವಾರಕ್ಕೆ ನಾಲ್ಕು ದಿನ 30ರಿಂದ 40 ನಿಮಿಷ, ಪಕ್ಕದವರ ಜೊತೆ ಮಾತಾಡುತ್ತ ಓಡುವಷ್ಟು ನಿಧಾನ ಸಾಕು. ಭಾನುವಾರ 50 ನಿಮಿಷ. ಇನ್ನೊಂದು ದಿನ ಹದಿನೈದು ಇಪ್ಪತ್ತು ನಿಮಿಷ ಸ್ವಲ್ಪ ಬಿರುಸಾಗಿ, ಒಮ್ಮೆಗೆ ಮೂರು ನಾಲ್ಕು ಪದಕ್ಕಿಂತ ಹೆಚ್ಚು ಆಡಲಾಗದಂತೆ ಓಡಿ. ವಾರದಲ್ಲಿ ಎರಡು ಸಲ, ನಿಧಾನ ಓಟ ಮುಗಿದ ಮೇಲೆ 80 ಮೀಟರಿನ ಆರು ಓಟಗಳನ್ನು ಸೇರಿಸಿ. ಅವು ಚುರುಕಾಗಿರಬೇಕು, ಆದರೆ ಮೈ ಬಿಗಿಯಬಾರದು.

ದಸರಾ ಕ್ರೀಡಾಕೂಟಕ್ಕೆ ಸಿದ್ಧರಾಗುವವರಿಗೆ ಈ ಹಂತ ಮಳೆಗಾಲದಲ್ಲಿಯೇ ಬರುತ್ತದೆ. ಮಲೆನಾಡು, ಕರಾವಳಿಯಲ್ಲಿ ಆಗ ಮೈದಾನ ಕೆಸರುಗದ್ದೆ. ಚಿಂತೆಯಿಲ್ಲ, ಈ ಓಟಗಳಿಗೆ ಮೈದಾನವೇ ಬೇಕಿಲ್ಲ. ವಾಹನ ಕಡಿಮೆ ಇರುವ ಊರ ರಸ್ತೆ ಸಾಕು. ಹತ್ತಿರ ಗುಡ್ಡವಿದ್ದರೆ ಇನ್ನೂ ಒಳ್ಳೆಯದು: ಇಪ್ಪತ್ತು ಸೆಕೆಂಡಿನ ಏರು ಓಟ ಎಂಟು ಸಲ, ನಡೆದು ಇಳಿಯುವುದೇ ವಿಶ್ರಾಂತಿ. ಕಲಬುರಗಿ, ರಾಯಚೂರು ಕಡೆಯವರು ಬೇಸಿಗೆಯಲ್ಲಿ ತಯಾರಿ ನಡೆಸುವುದಾದರೆ ಬೆಳಗಿನ ಆರಕ್ಕೆ ಶುರು ಮಾಡಿ, ಬಿಸಿಲೇರುವ ಮುಂಚೆ ಮುಗಿಸಬೇಕು.

ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಮೂಳೆಯುದ್ದಕ್ಕೂ ನೋವು ಬಂದರೆ ಸಹಿಸಿಕೊಂಡು ಓಡಬೇಡಿ. ಒಂದೇ ವಾರದಲ್ಲಿ ಓಟ ಹೆಚ್ಚಿಸಿದ್ದು, ಸವೆದ ಶೂ, ಗಟ್ಟಿ ನೆಲ, ಸಾಮಾನ್ಯವಾಗಿ ಈ ಮೂರರಲ್ಲೊಂದು ಕಾರಣ. ಓಡುವಾಗ ಎದೆನೋವು ಅಥವಾ ತಲೆಸುತ್ತು ಬಂದವರು ವೈದ್ಯರಿಗೆ ತೋರಿಸದೆ ಮೈದಾನಕ್ಕೆ ಮರಳಲೇಬಾರದು.

ಆರನೇ ವಾರದಿಂದ: ಕಾಲಿಗೆ ಗಡಿಯಾರ ಕಲಿಸುವುದು

2:08 ಅಂದರೆ ಇನ್ನೂರು ಮೀಟರಿಗೆ ಸರಾಸರಿ 32 ಸೆಕೆಂಡು. ವಾಚ್ ನೋಡದೆಯೇ 32 ಯಾವುದು, 30 ಯಾವುದು ಎಂದು ಕಾಲಿಗೆ ಗೊತ್ತಾಗಬೇಕು. ಇದಕ್ಕೆ ಹಳೆಯ ಉಪಾಯವೇ ಇಂದಿಗೂ ಒಳ್ಳೆಯದು: ಮಂಗಳವಾರ 200 ಮೀಟರ್ ಎಂಟು ಸಲ, ಪ್ರತಿಯೊಂದೂ 32ರಲ್ಲಿ, ನಡುವೆ ಎರಡು ನಿಮಿಷ ನಡಿಗೆ. ಗೆಳೆಯನ ಕೈಗೆ ವಾಚ್ ಕೊಡಿ. ಓಡಿ ಬಂದು ಮೊದಲು ನೀವು ಊಹೆ ಹೇಳಿ, ಆಮೇಲೆ ಅವನು ಸಮಯ ಹೇಳಲಿ. ಮೊದಲನೆಯದು 29ರಲ್ಲಿ ಬಂದರೆ ಹಿಗ್ಗಬೇಡಿ. ಈ ತಾಲೀಮಿನಲ್ಲಿ ಬೇಗ ಬರುವುದೂ ತಡವಾಗಿ ಬರುವಷ್ಟೇ ದೊಡ್ಡ ತಪ್ಪು. ಎಂಟರಲ್ಲಿ ಆರು ಓಟ ಅರ್ಧ ಸೆಕೆಂಡಿನ ಅಂತರದೊಳಗೆ ಬರುವವರೆಗೂ ಇದನ್ನೇ ಮಾಡಿ.

ಶನಿವಾರದ್ದು ಕಠಿಣ ತಾಲೀಮು. ಒಂದು ವಾರ 400 ಮೀಟರ್ ಮೂರು ಸಲ, ತಲಾ 64ರಲ್ಲಿ, ನಡುವೆ ಐದು ನಿಮಿಷ. ಮರುವಾರ 500 ಮೀಟರನ್ನು 80 ಸೆಕೆಂಡಿನಲ್ಲಿ ಓಡಿ, ಎಂಟು ನಿಮಿಷ ಸುಧಾರಿಸಿಕೊಂಡು 300 ಮೀಟರನ್ನು 47ರಲ್ಲಿ. ವೇಗ ಸಾಲದವರು ಮಂಗಳವಾರದ ಎಂಟನ್ನು ಐದಕ್ಕೆ ಇಳಿಸಿ, 60 ಮೀಟರಿನ ನಾಲ್ಕು ಪೂರ್ಣವೇಗದ ಓಟಗಳನ್ನು ಅದಕ್ಕೂ ಮೊದಲೇ, ಕಾಲು ಹಗುರಾಗಿರುವಾಗ ಮಾಡಲಿ. ಉಳಿದ ದಿನ ನಿಧಾನ ಓಟ, ಶುಕ್ರವಾರ ಪೂರ್ತಿ ವಿಶ್ರಾಂತಿ. ಹುರುಪಿನಲ್ಲಿ ವಾರಕ್ಕೆ ನಾಲ್ಕು ದಿನ ವೇಗದ ತಾಲೀಮು ಮಾಡುವವರು ಕ್ರೀಡಾಕೂಟದ ಹೊತ್ತಿಗೆ ಹಳೆಯ ಸಮಯಕ್ಕಿಂತ ಹಿಂದೆ ಹೋಗಿರುತ್ತಾರೆ.

ಒಂಬತ್ತನೇ ವಾರದಿಂದ ಮೂರನೇ ಇನ್ನೂರಕ್ಕೆಂದೇ ಒಂದು ಅಭ್ಯಾಸ ಸೇರಿಸಿ. 600 ಮೀಟರ್ ಓಡಿ: ಮೊದಲ ಎರಡು ಇನ್ನೂರು 33ರಲ್ಲಿ, ಮೂರನೆಯದು 31.5ರಲ್ಲಿ. ಕಾಗದದ ಮೇಲೆ ಒಂದೂವರೆ ಸೆಕೆಂಡು ಏನೂ ಅಲ್ಲ. ಆದರೆ ದಣಿವು ಶುರುವಾಗುವ ಜಾಗದಲ್ಲಿ ವೇಗ ಹೆಚ್ಚಿಸುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ಒಪ್ಪಿಸುವುದೇ ತಾಲೀಮು. ಆ ತಿರುವಿನಲ್ಲಿ ಕೈಗಳನ್ನು ಚುರುಕಾಗಿ ಬೀಸಿ, ದವಡೆ ಸಡಿಲ ಬಿಡಿ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ. ಅಂದಿಗೆ ಅಷ್ಟೇ ಸಾಕು.

ಕೊನೆಯ ವಾರ ಓಟ ಅರ್ಧಕ್ಕೆ ಇಳಿಯಲಿ. ಸ್ಪರ್ಧೆಗೆ ನಾಲ್ಕು ದಿನ ಮುಂಚೆ 200 ಮೀಟರ್ ಮೂರು ಸಲ 32ರಲ್ಲಿ ಓಡಿದರೆ ಮುಗಿಯಿತು. ಕೊನೆಗಳಿಗೆಯಲ್ಲಿ ಬೆವರು ಸುರಿಸಿ ಗಳಿಸುವಂಥದ್ದು ಏನೂ ಉಳಿದಿರುವುದಿಲ್ಲ.

ಓಟದ ದಿನ

ಮೂರು ಗಂಟೆ ಮುಂಚೆ ಇಡ್ಲಿಯಂಥ ಹಗುರ ತಿಂಡಿ. ಸ್ಪರ್ಧೆಗೆ ಮುಕ್ಕಾಲು ಗಂಟೆ ಇರುವಾಗ ಹತ್ತು ಹದಿನೈದು ನಿಮಿಷ ನಿಧಾನ ಓಟ, ಮೈ ಸಡಿಲಿಸುವ ವ್ಯಾಯಾಮ, 80 ಮೀಟರಿನ ಮೂರು ನಾಲ್ಕು ಚುರುಕು ಓಟ. ಹೊಸ ಸ್ಪೈಕ್ಸನ್ನು (ಅಡಿಯಲ್ಲಿ ಮೊಳೆಯಿರುವ ಓಟದ ಶೂ) ಅಂದೇ ಮೊದಲ ಬಾರಿ ಹಾಕಬೇಡಿ.

2:08ರ ಯೋಜನೆ ಹೀಗಿರಲಿ: ಮೊದಲ ಇನ್ನೂರು 30.5, ಉಳಿದ ಮೂರೂ 32.5. ಮೊದಲ ಸುತ್ತಿಗೆ 63, ಎರಡನೆಯದಕ್ಕೆ 65. ನಿಂತಲ್ಲಿಂದ ಹೊರಟು ಜಾಗ ಹಿಡಿಯಬೇಕಾದ್ದರಿಂದ ಮೊದಲ ಭಾಗ ತುಸು ವೇಗವಾಗಿರುವುದು ಸಹಜ. ಒಂದೂವರೆ ಸೆಕೆಂಡಿಗಿಂತ ಹೆಚ್ಚು ಮಾತ್ರ ಬೇಡ. ಆಗ ದೇಹಕ್ಕೆ ಏನೂ ಅನ್ನಿಸುವುದಿಲ್ಲ, ಮೋಸ ಇರುವುದೇ ಅಲ್ಲಿ. ಅಲ್ಲಿಂದ 400ರವರೆಗೆ ಯಾರ ಬೆನ್ನ ಹಿಂದಾದರೂ ನೆಮ್ಮದಿಯಾಗಿರಿ. ಕೊನೆಯ ಸುತ್ತಿನ ಗಂಟೆ ಬಾರಿಸಿದ ಕೂಡಲೇ 600 ಮೀಟರಿನ ಅಭ್ಯಾಸದಲ್ಲಿ ಕಲಿತದ್ದನ್ನು ಮಾಡಿ: ವೇಗ ಹೆಚ್ಚಿಸುವೆನೆಂದು ಹೊರಡಿ, ಆಗ ವೇಗ ಇದ್ದಷ್ಟಾದರೂ ಉಳಿಯುತ್ತದೆ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೆನ್ಯಾದ ಡೇವಿಡ್ ರುಡಿಶಾ 1:40.91ರ ವಿಶ್ವ ದಾಖಲೆ ಬರೆದಾಗ ಮೊದಲ ಸುತ್ತು 49.28, ಎರಡನೆಯದು 51.63. ಇದನ್ನು ಎಲ್ಲರೂ ಹೇಳುತ್ತಾರೆ. ಅವನ ಎರಡನೇ ಇನ್ನೂರಕ್ಕಿಂತ ಮೂರನೆಯದು ವೇಗವಾಗಿತ್ತು ಎಂಬುದನ್ನು ಹೇಳುವವರು ಕಡಿಮೆ. ಧೈರ್ಯದಿಂದ ಮುನ್ನುಗ್ಗಿದವರ ಕಥೆ ನಮ್ಮಲ್ಲೂ ಇದೆ. 1976ರ ಮಾಂಟ್ರಿಯಲ್ ಫೈನಲ್‌ನಲ್ಲಿ ಶ್ರೀರಾಮ್ ಸಿಂಗ್ ಮೊದಲ ಸುತ್ತನ್ನು 51 ಸೆಕೆಂಡಿಗೂ ಮುಂಚೆ ಮುಗಿಸಿ ಎಲ್ಲರಿಗಿಂತ ಮುಂದಿದ್ದರು, ಕೊನೆಗೆ ಏಳನೆಯವರಾದರು. ಆದರೂ ಅವರ 1:45.77 ರಾಷ್ಟ್ರೀಯ ದಾಖಲೆ 2018ರಲ್ಲಿ ಜಿನ್ಸನ್ ಜಾನ್ಸನ್ ಮುರಿಯುವವರೆಗೂ ನಿಂತಿತು. ಹಾಗೆ ಓಡುವ ಹಕ್ಕು ಅಂಥವರಿಗಿದೆ, ಮೊದಲ ಬಾರಿ 2:08 ಅಟ್ಟಿಸಿಕೊಂಡು ಹೊರಟವರಿಗಿಲ್ಲ.

ದಾಟುವುದಾದರೆ ನೇರ ಹಾದಿಯಲ್ಲಿ ದಾಟಿ. ಒಂದು ಇಡೀ ತಿರುವನ್ನು ಇತರರಿಗಿಂತ ಒಂದು ಮೀಟರ್ ಹೊರಗೆ ಓಡಿದರೆ ಮೂರು ಮೀಟರಿಗೂ ಹೆಚ್ಚು ದೂರ ಸೇರುತ್ತದೆ. ಈ ವೇಗದಲ್ಲಿ ಅದು ಅರ್ಧ ಸೆಕೆಂಡು. ಹಾಗೆಂದು ಒಳಗೆರೆಗೆ ಅಂಟಿಕೊಂಡು ಗುಂಪಿನ ನಡುವೆ ಸಿಕ್ಕಿಬೀಳಲೂಬೇಡಿ. ಮುಂದಿರುವವನ ಬಲಭುಜದ ಹಿಂದೆ ಇದ್ದರೆ ಬೇಕೆಂದಾಗ ಹೊರಬರಬಹುದು. ಕೊನೆಯ ಓಟ ಆರಂಭಿಸಲು 120 ಮೀಟರ್ ಇರುವಾಗ ಹೊರಟರೆ ಸಾಕು.

ತಾಲ್ಲೂಕು ಕೂಟಗಳಲ್ಲಿ ಒಂದೇ ದಿನ 1500, 800, ರಿಲೇ ಎಲ್ಲಕ್ಕೂ ನಿಮ್ಮ ಹೆಸರು ಬರೆದಿರುತ್ತಾರೆ. ವೇಳಾಪಟ್ಟಿಯನ್ನು ಹಿಂದಿನ ದಿನವೇ ಕೇಳಿ ತಿಳಿದುಕೊಂಡು, ಯಾವುದು ಮುಖ್ಯವೆಂದು ದೈಹಿಕ ಶಿಕ್ಷಕರ ಜೊತೆ ಆಗಲೇ ತೀರ್ಮಾನಿಸಿಕೊಳ್ಳಿ. ಎರಡು ಓಟಗಳ ನಡುವೆ ಒಂದೂವರೆ ಗಂಟೆಯಾದರೂ ಇದ್ದರೆ, ಮೊದಲನೆಯದು ಮುಗಿದ ಮೇಲೆ ಹತ್ತು ನಿಮಿಷ ನಿಧಾನವಾಗಿ ಓಡಿ ನಡೆದಾಡಿ, ಒಂದು ಬಾಳೆಹಣ್ಣು ತಿಂದು ನೀರು ಕುಡಿದು ನೆರಳಿನಲ್ಲಿ ಕೂರಿ. ಅಷ್ಟೂ ಸಮಯ ಸಿಗದಿದ್ದರೆ ಇವುಗಳಲ್ಲಿ ಒಂದನ್ನು ಬಿಡುವುದೇ ಸರಿ, ಅದರಲ್ಲೂ ಮೊದಲು ಬಿಡಬೇಕಾದದ್ದು 1500.