ದಾವಣಗೆರೆಯ ಒಂದು ತಾಸು, ದುಬೈನ ಒಂದು ತಾಸು: ನಿಮ್ಮ ಓಟಿ (ಓವರ್‌ಟೈಮ್) ಲೆಕ್ಕ ಹಾಕುವುದು ಹೇಗೆ?

ನಮ್ಮ ಓಣಿಯ ಅಣ್ಣ-ತಮ್ಮ ಇಬ್ಬರ ವಾದ ಈ ಲೇಖನಕ್ಕೆ ಕಾರಣ. ಅಣ್ಣ ದಾವಣಗೆರೆಯ ಜವಳಿ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ತಮ್ಮ ದುಬೈನ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಾನೆ. ರಜೆಗೆ ಊರಿಗೆ ಬಂದವನು ಕಟ್ಟೆ ಮೇಲೆ ಕೂತು, "ಅಣ್ಣಾ, ನಮ್ಮಲ್ಲಿ ಎಂಟು ತಾಸು ಮುಗೀತಂದ್ರೆ ಓಟಿ ಶುರು. ನಿನಗೆ ಒಂಬತ್ತು ತಾಸು ದುಡಿದ್ರೂ ಇಲ್ಲ" ಅಂದ. "ನಿನಗೆ ಸಿಗೋದು ಕಾಲು ಪಾಲು ಜಾಸ್ತಿ, ಕಾನೂನು ಪ್ರಕಾರ ನನಗೆ ಡಬಲ್" ಎಂದು ಅಣ್ಣ ತಿರುಗಿ ಹೇಳಿದ. ಇಬ್ಬರ ಮಾತೂ ಸರಿ. ಆದರೆ ಆ ಡಬಲ್ ಅಣ್ಣನ ಕೈಗೆ ಒಂದು ಸಲವೂ ಬಂದಿಲ್ಲ. ದುಗ್ಗಮ್ಮನ ಜಾತ್ರೆ ಮುಂದೆ ವಾರಗಟ್ಟಲೆ ರಾತ್ರಿಯವರೆಗೆ ನಿಂತದ್ದಕ್ಕೆ ಸಿಕ್ಕಿದ್ದು ಒಂದು ಜೊತೆ ಬಟ್ಟೆ.

ಓಟಿ ಅಂದ ಕೂಡಲೇ ನಾವು ಕೇಳುವುದು "ಎಷ್ಟು ಪಟ್ಟು?" ಅಂತ. ಅದಕ್ಕಿಂತ ಮೊದಲು ಕೇಳಬೇಕಾದದ್ದು "ಎಷ್ಟನೇ ತಾಸಿನಿಂದ?" ಮತ್ತು "ಯಾವ ಮೊತ್ತದ ಮೇಲೆ?" ಊರಿಂದೂರಿಗೆ ದುಡ್ಡು ಬದಲಾಗುವುದು ಹೆಚ್ಚಾಗಿ ಈ ಎರಡರಲ್ಲೇ.

ಮೊದಲು: ನಿಮ್ಮ ಕೆಲಸ ಯಾವ ಕಾನೂನಿನಡಿ ಬರುತ್ತದೆ ನೋಡಿ

ಅಂಗಡಿ, ಹೋಟೆಲ್, ಖಾಸಗಿ ಕಚೇರಿಯವರಿಗೆ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಇದು ರಾಜ್ಯದ ಕಾನೂನು. ದಿನಕ್ಕೆ 9 ತಾಸು ಅಥವಾ ವಾರಕ್ಕೆ 48 ತಾಸು ದಾಟಿದರೆ ದುಪ್ಪಟ್ಟು ಕೂಲಿ. ಓಟಿ ಸೇರಿಸಿದರೂ ದಿನಕ್ಕೆ 10 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ಸ್ಟಾಕ್ ಎಣಿಸುವ, ಲೆಕ್ಕ ಮುಗಿಸುವ ದಿನಗಳಿಗಷ್ಟೇ ವಿನಾಯಿತಿ. ಮೂರು ತಿಂಗಳಲ್ಲಿ ಒಟ್ಟು ಓಟಿ 50 ತಾಸು ಮೀರಬಾರದು.

ಕಾರ್ಖಾನೆಯ ಕಥೆ ಬೇರೆ. ಕಾಟನ್ ಮಿಲ್ಲುಗಳ ಕಾಲದಿಂದ ನಮ್ಮೂರಿನವರು ಬಲ್ಲದ್ದು 1948ರ ಕಾರ್ಖಾನೆಗಳ ಕಾಯ್ದೆ. ಅದರಲ್ಲೂ 9 ಮತ್ತು 48ರ ಗಡಿ, ದುಪ್ಪಟ್ಟು ದರ. ಕಾಯ್ದೆ ಕೇಂದ್ರದ್ದಾದರೂ ರಾಜ್ಯಗಳು ತಿದ್ದುಪಡಿ ತಂದುಕೊಂಡವು. ಕರ್ನಾಟಕ 2023ರಲ್ಲಿ ಮೂರು ತಿಂಗಳ ಓಟಿ ಮಿತಿಯನ್ನು 75ರಿಂದ 144 ತಾಸಿಗೆ ಏರಿಸಿತು. ಅದೇ ವರ್ಷ ತಮಿಳುನಾಡು 12 ತಾಸಿನ ದಿನಕ್ಕೆ ದಾರಿ ಮಾಡುವ ಮಸೂದೆ ತಂದು, ವಿರೋಧ ಬಂದ ಮೇಲೆ ಹಿಂಪಡೆಯಿತು. 2020ರ ಲಾಕ್‌ಡೌನ್‌ನಲ್ಲಿ ಗುಜರಾತ್ ಸರ್ಕಾರ, ಹೆಚ್ಚುವರಿ ತಾಸಿಗೆ ದುಪ್ಪಟ್ಟು ಬೇಡ, ಮಾಮೂಲಿ ದರವೇ ಸಾಕು ಎಂದು ಅಧಿಸೂಚನೆ ಹೊರಡಿಸಿತ್ತು. ಆ ವರ್ಷ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ದುಡಿದವರಿಗೆ ಓಟಿ ಕೊಡಿ ಎಂದಿತು. ಕಷ್ಟಕಾಲದ ಹೆಸರಿನಲ್ಲಿ ಕೂಲಿ ಕಡಿಯಲು ಯಾರಾದರೂ ಬಂದಾಗ ಈ ತೀರ್ಪು ನೆನಪಿರಲಿ.

ಈಗ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಕಾರ್ಖಾನೆ, ಗಣಿ, ಬೀಡಿ, ಕಟ್ಟಡ ಕೆಲಸದ ಹಳೆಯ ಕಾಯ್ದೆಗಳ ಜಾಗಕ್ಕೆ ಬಂದ ಸಂಹಿತೆ ದಿನಕ್ಕೆ 8 ತಾಸು ಎನ್ನುತ್ತದೆ. ಓಟಿ ದುಪ್ಪಟ್ಟೇ. ಇದರಲ್ಲಿ ನನಗೆ ಬಹಳ ಮುಖ್ಯ ಅನಿಸಿದ್ದು ಎರಡು ಮಾತು: ಓಟಿಯನ್ನು ದಿನದ ಲೆಕ್ಕದಲ್ಲೋ ವಾರದ ಲೆಕ್ಕದಲ್ಲೋ, ಕಾರ್ಮಿಕರಿಗೆ ಯಾವುದು ಹೆಚ್ಚು ಅನುಕೂಲವೋ ಹಾಗೆ ಎಣಿಸಬೇಕು, ಕಾರ್ಮಿಕರ ಒಪ್ಪಿಗೆಯಿಲ್ಲದೆ ಓಟಿ ಮಾಡಿಸುವಂತಿಲ್ಲ.

ಹರಿಹರದಿಂದ ತುಂಗಭದ್ರೆ ದಾಟಿ ಕುಮಾರಪಟ್ಟಣಕ್ಕೆ ಹೋದರೆ ಜಿಲ್ಲೆ ಬದಲಾಗಿ ಹಾವೇರಿ ಆಗುತ್ತದೆ, ನಿಯಮ ಬದಲಾಗುವುದಿಲ್ಲ. ಮೊಳಕಾಲ್ಮೂರಿನಿಂದ ರಾಯದುರ್ಗಕ್ಕೆ ಹೋದರೆ ರಾಜ್ಯವೇ ಬದಲು. ಅಲ್ಲಿ ಆಂಧ್ರದ ನಿಯಮ ಕೇಳಬೇಕು. ಮನೆ ಎಲ್ಲಿದೆ ಅನ್ನುವುದು ಲೆಕ್ಕಕ್ಕಿಲ್ಲ, ಕೆಲಸ ಎಲ್ಲಿ ಮಾಡುತ್ತೀರಿ ಅನ್ನುವುದೇ ಲೆಕ್ಕ.

ಆಮೇಲೆ: ನಿಮ್ಮ ಒಂದು ತಾಸಿನ ಬೆಲೆ

ಹೆಚ್ಚಿನವರು ಮೋಸ ಹೋಗುವುದು ಇಲ್ಲಿ. ನಿಮ್ಮ ಪಗಾರ ತಿಂಗಳಿಗೆ 15,600 ರೂಪಾಯಿ ಅಂದುಕೊಳ್ಳಿ. ವಾರದ ರಜೆ ಬಿಟ್ಟು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600, ಅದನ್ನು 8ಕ್ಕೆ ಭಾಗಿಸಿದರೆ ತಾಸಿಗೆ 75. ದುಪ್ಪಟ್ಟು ಅಂದರೆ 150. ಎಷ್ಟೋ ಕಡೆ 30ರಿಂದ ಭಾಗಿಸಿ ತಾಸಿಗೆ 65 ಮಾಡಿ, 130 ಕೊಡುತ್ತಾರೆ. ಒಂದು ತಾಸಿಗೆ 20 ರೂಪಾಯಿ ಹೋಯಿತು. ತಿಂಗಳಿಗೆ 15 ತಾಸು ಓಟಿ ಮಾಡುವವರಿಗೆ ಅದು 300 ರೂಪಾಯಿ.

ಎರಡನೆಯದು, ಬೇಸಿಕ್ (ಭತ್ಯೆಗಳಿಲ್ಲದ ಮೂಲ ವೇತನ) ಮಾತ್ರ ಹಿಡಿದು ಲೆಕ್ಕ ಹಾಕುವುದು. ಕಾರ್ಖಾನೆ ಕಾಯ್ದೆಯಲ್ಲಿ ಬೇಸಿಕ್ ಜೊತೆ ತುಟ್ಟಿಭತ್ಯೆ ಮತ್ತಿತರ ಭತ್ಯೆಗಳೂ ಸೇರುತ್ತಿದ್ದವು. ಬೋನಸ್ ಮತ್ತು ಓಟಿ ಹಣ ಮಾತ್ರ ಹೊರಗೆ. ದುಬೈನಲ್ಲಿ ಹಾಗಲ್ಲ, ಅಲ್ಲಿ ಓಟಿ ಬೇಸಿಕ್ ಮೇಲೆಯೇ. ಕೊಲ್ಲಿಗೆ ಹೊರಟವರು ಒಟ್ಟು ಸಂಬಳ ನೋಡಿ ಹಿಗ್ಗದೆ, ಕರಾರು ಪತ್ರದಲ್ಲಿ ಬೇಸಿಕ್ ಎಷ್ಟು ಬರೆದಿದೆ ಎಂದು ಮೊದಲು ನೋಡಬೇಕು.

ಒಂದೇ ವಾರವನ್ನು ಬೇರೆ ಬೇರೆ ಊರಲ್ಲಿ ಇಟ್ಟು ನೋಡೋಣ

ಆರು ದಿನ, ದಿನಕ್ಕೆ 9 ತಾಸು. ಒಟ್ಟು 54.

ದಾವಣಗೆರೆಯ ಅಂಗಡಿಯಲ್ಲಿ ದಿನದ ಗಡಿ ದಾಟಿಲ್ಲ, ವಾರದ 48 ದಾಟಿದೆ. 6 ತಾಸು ದುಪ್ಪಟ್ಟು. ಕೈಗೆ ಬರಬೇಕಾದದ್ದು 60 ತಾಸಿನ ಕೂಲಿ. ದುಬೈನಲ್ಲಿ 8 ದಾಟಿದ 6 ತಾಸಿಗೆ ಕಾಲು ಪಾಲು ಹೆಚ್ಚು: 55.5 ತಾಸಿನ ಕೂಲಿ. ರಾತ್ರಿ 10ರಿಂದ ಬೆಳಗಿನ 4ರೊಳಗಿನ ಓಟಿಯಾದರೆ ಅರ್ಧ ಪಾಲು ಹೆಚ್ಚು, ಪಾಳಿಯವರಿಗೆ ಇದು ಅನ್ವಯಿಸದು. ಅಮೆರಿಕದ ಒಕ್ಕೂಟ ಕಾನೂನು 1938ರದು. ವಾರಕ್ಕೆ 40 ದಾಟಿದರೆ ಒಂದೂವರೆ ಪಟ್ಟು. 14 ತಾಸು ಓಟಿ, 61 ತಾಸಿನ ಕೂಲಿ. ಒಂದೂವರೆ ಎಂದು ಕಡಿಮೆ ಕಂಡರೂ 40ಕ್ಕೇ ಎಣಿಕೆ ಶುರುವಾಗುವುದರಿಂದ ನಮ್ಮ ದುಪ್ಪಟ್ಟನ್ನು ಮೀರಿಸಿತು. ಕೆನಡಾದ ಒಂಟಾರಿಯೊದಲ್ಲೂ ಒಂದೂವರೆ ಪಟ್ಟೇ, ಆದರೆ ಗಡಿ 44, ಆದ್ದರಿಂದ 59. ಬ್ರಿಟನ್ನಿನಲ್ಲಿ ಹೆಚ್ಚಿನ ದರ ಕೊಡಲೇಬೇಕೆಂಬ ಕಾನೂನೇ ಇಲ್ಲ, ಕರಾರಿನಲ್ಲಿ ಇದ್ದರೆ ಉಂಟು.

ಈಗ ಇನ್ನೊಂದು ವಾರ. ನಾಲ್ಕು ದಿನ 10 ತಾಸು ದುಡಿದು, ಎರಡು ದಿನ ಸಂಬಳವಿಲ್ಲದ ರಜೆ ಹಾಕಿದ್ದೀರಿ. ಒಟ್ಟು 40. ದಾವಣಗೆರೆಯಲ್ಲಿ ದಿನಕ್ಕೊಂದು ತಾಸಿನಂತೆ 4 ತಾಸು ದುಪ್ಪಟ್ಟು, 44 ತಾಸಿನ ಕೂಲಿ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಓಟಿ ಸೊನ್ನೆ. ಆದರೆ ಅಲ್ಲಿನದೇ ಕ್ಯಾಲಿಫೋರ್ನಿಯಾ ರಾಜ್ಯ ದಿನಕ್ಕೆ 8ರ ಗಡಿ ಇಟ್ಟುಕೊಂಡಿದೆ, ಅದು ದಾಟಿದರೆ ಒಂದೂವರೆ ಪಟ್ಟು, ಹಾಗಾಗಿ ಅಲ್ಲೂ 44. ದಿನಕ್ಕೆ 12 ತಾಸು ದಾಟಿದರೆ ಅಲ್ಲಿ ದುಪ್ಪಟ್ಟು. ಓದಲು ಹೋಗಿ ತಾಸಿನ ಲೆಕ್ಕದಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಈ ವ್ಯತ್ಯಾಸ ಗೊತ್ತಿರಬೇಕು.

"ಎರಡು ದಿನ ರಜೆ ಹಾಕಿದೀಯಲ್ಲ, ಇನ್ನೆಲ್ಲಿಯ ಓಟಿ?" ಎಂದು ನಮ್ಮಲ್ಲಿ ಮಾಲೀಕರು ಕೇಳಿದರೆ, ದಿನದ ಗಡಿಯೇ ಬೇರೆ, ವಾರದ ಗಡಿಯೇ ಬೇರೆ ಎಂದು ಧೈರ್ಯವಾಗಿ ಹೇಳಿ.

ಬರೆದಿಡುವುದು

ಚಿಕ್ಕ ಡೈರಿ ಸಾಕು. ಬಂದ ಹೊತ್ತು, ಊಟದ ಬಿಡುವು, ಹೊರಟ ಹೊತ್ತು. ಬೆಳಿಗ್ಗೆ 10ರಿಂದ ರಾತ್ರಿ 9 ಅಂದರೆ 11 ತಾಸು, ಒಂದು ತಾಸು ಬಿಡುವು ಕಳೆದರೆ 10. ಊಟಕ್ಕೂ ಬಿಡದೆ ಗಿರಾಕಿ ನೋಡಿಸಿದರೆ ಅದೂ ಕೆಲಸದ ತಾಸೇ, ಹಾಗೇ ಬರೆಯಿರಿ. ಹಾಜರಿ ಪುಸ್ತಕದ, ಪಂಚಿಂಗ್ ಪರದೆಯ ಫೋಟೊ ಸಿಕ್ಕರೆ ತೆಗೆದಿಟ್ಟುಕೊಳ್ಳಿ. ಚೀಲಕ್ಕಿಷ್ಟು ಎಂದು ಕೂಲಿ ಪಡೆಯುವ ಮಂಡಕ್ಕಿ ಭಟ್ಟಿಯವರು ಚೀಲದ ಎಣಿಕೆಯ ಪಕ್ಕದಲ್ಲಿ ತಾಸನ್ನೂ ಬರೆದುಕೊಳ್ಳಬೇಕು. ಕಾರ್ಖಾನೆ ಕಾಯ್ದೆಯಲ್ಲಿ ಅಂಥವರ ಓಟಿಗೆ ಹಿಂದಿನ ತಿಂಗಳ ಸರಾಸರಿ ಗಳಿಕೆಯೇ ಆಧಾರವಾಗಿತ್ತು.

ಕೇಳುವುದು

ಮೊದಲು ಮಾಲೀಕರಿಗೆ ಬರವಣಿಗೆಯಲ್ಲಿ ಕೊಡಿ: ದಿನಾಂಕ, ತಾಸು, ದರ, ಮೊತ್ತ. ಇಷ್ಟಕ್ಕೇ ಬಗೆಹರಿಯುವುದೂ ಉಂಟು. ಆಗದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ, ಡೈರಿಯ ನಕಲನ್ನೂ ಅರ್ಜಿಯ ಜೊತೆ ಲಗತ್ತಿಸಿ. ಹಳೆಯ ಕನಿಷ್ಠ ವೇತನ ಕಾಯ್ದೆಯಲ್ಲಿ ಹೀಗೆ ಕ್ಲೇಮು ಹಾಕಲು ಇದ್ದದ್ದು ಆರೇ ತಿಂಗಳು. ಹೊಸ ನಾಲ್ಕು ಸಂಹಿತೆಗಳಲ್ಲಿ ಒಂದಾದ ವೇತನ ಸಂಹಿತೆ ಅದನ್ನು ಮೂರು ವರ್ಷ ಮಾಡಿದೆ. ಬಾಕಿ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆಯೂ ಮಾಲೀಕರ ಮೇಲಿದೆ.

ನಮ್ಮ ಓಣಿಯ ಅಣ್ಣ ಕಳೆದ ಜಾತ್ರೆಯ ತಾಸುಗಳನ್ನು ಈಗ ನೆನಪಿನಿಂದ ಕೂಡಿಸುತ್ತಿದ್ದಾನೆ. ಜೊತೆಗಿದ್ದ ಇಬ್ಬರು ಸೇಲ್ಸ್‌ಮನ್‌ಗಳೂ ತಮ್ಮ ದಿನಗಳನ್ನು ಬರೆದುಕೊಡಲು ಒಪ್ಪಿದ್ದಾರೆ.