ಲೈನ್ ಮನೆಗೆ ಹೋಗುವ ನರ್ಸ್‌ಗೆ: ಶುಗರ್, ಬಿಪಿ ರೋಗಿಯ ಮನೆಭೇಟಿ

ನರ್ಸಿಂಗ್ ಪಠ್ಯದಲ್ಲಿ ಆರೋಗ್ಯವರ್ಧನೆ, ಸಂಸ್ಕೃತಿ, ಅನುವಂಶೀಯತೆ, ದೀರ್ಘಕಾಲದ ಕಾಯಿಲೆ ಎಂದು ನಾಲ್ಕು ಅಧ್ಯಾಯಗಳಿರುತ್ತವೆ. ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಕಾಫಿ ತೋಟದ ಕಾರ್ಮಿಕರು ಸಾಲಾಗಿ ವಾಸಿಸುವ ಲೈನ್ ಮನೆಗೆ ಹೋದರೆ ನಾಲ್ಕೂ ಒಟ್ಟಿಗೇ ಎದುರಾಗುತ್ತವೆ. ಹಾಗಾಗಿ ಭೇಟಿಗೆ ಒಂದು ಕ್ರಮ ಬೇಕು: ಮೊದಲು ಅಳತೆ, ಆಮೇಲೆ ವಂಶದ ವಿವರ, ಊಟದ ಮಾತು, ಔಷಧಿ, ಕಾಲು. ಸಲಹೆ ಎಲ್ಲಕ್ಕಿಂತ ಕೊನೆಗೆ. ಮನೆಯವರ ದಿನಚರಿ ತಿಳಿಯದೆ ಹೇಳಿದ ಮಾತನ್ನು ಪಾಲಿಸಲು ಅವರಿಂದ ಆಗುವುದೇ ಇಲ್ಲ.

ಬಿಪಿ ನೋಡುವುದು ಕಾಫಿಗೆ ನೀರಿಡುವ ಮುಂಚೆ. ನಮ್ಮ ಕಡೆ ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವುದಿಲ್ಲ, ಜೊತೆಗೆ ರೋಗಿಯೂ ಒಂದು ಲೋಟ ಕುಡಿಯುತ್ತಾರೆ. ಕಾಫಿ, ಬೀಡಿ, ಹೊಗೆಸೊಪ್ಪು ಯಾವುದೇ ಆದರೂ ಅರ್ಧ ಗಂಟೆ ಕಳೆದಿರಬೇಕು. ಮೂತ್ರಕ್ಕೆ ಹೋಗಿ ಬರಲು ಹೇಳಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿಸಿ 5 ನಿಮಿಷ ಸುಮ್ಮನೆ ಕೂರಿಸಿ. ಚಳಿಗೆ ಹಾಕಿದ ಸ್ವೆಟರ್‌ನ ತೋಳನ್ನು ಮೇಲಕ್ಕೆ ಸುತ್ತಿದರೆ ಅದೇ ತೋಳನ್ನು ಬಿಗಿಯುತ್ತದೆ, ಪೂರ್ತಿ ಬಿಚ್ಚಿಸಿ. ತೋಳು ಎದೆಯ ಮಟ್ಟದಲ್ಲಿರಲಿ. ದಪ್ಪ ತೋಳಿಗೆ ಚಿಕ್ಕ ಕಫ್ (ಬಿಪಿ ಯಂತ್ರದ ಪಟ್ಟಿ) ಸುತ್ತಿದರೆ ಇಲ್ಲದ ಬಿಪಿ ಇದೆ ಎಂದು ತೋರಿಸುತ್ತದೆ. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆಯಿರಿ. 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಂದು ದಿನ ಮತ್ತೆ ನೋಡದೆ ಬಿಪಿ ಕಾಯಿಲೆ ಎಂದು ಹಣೆಪಟ್ಟಿ ಹಚ್ಚಬೇಡಿ.

ವಂಶದ ಚಿತ್ರ

ಒಂದು ಹಾಳೆ ಸಾಕು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇದ್ದವರಿಗೆ ಒಳಗೆ ಕಪ್ಪು, ತೀರಿಕೊಂಡವರಿಗೆ ಅಡ್ಡಗೆರೆ, ನಿಮ್ಮ ರೋಗಿಗೆ ಬಾಣದ ಗುರುತು. ಮೂರು ತಲೆಮಾರು ಬರೆಯಿರಿ. ಯಾವ ಕಾಯಿಲೆ ಎಂಬುದರಷ್ಟೇ ಅದು ಯಾವ ವಯಸ್ಸಿಗೆ ಬಂತು ಎಂಬುದೂ ಮುಖ್ಯ. ಅಕ್ಕನ ಮಗಳನ್ನೋ ಅತ್ತೆಯ ಮಗಳನ್ನೋ ಮದುವೆಯಾಗಿದ್ದರೆ ಗಂಡಹೆಂಡತಿಯರ ನಡುವೆ ಜೋಡಿಗೆರೆ ಎಳೆಯಿರಿ. "ಸಂಬಂಧದಲ್ಲೇ ಮದುವೆಯಾ?" ಎಂದು ಮಾಮೂಲಿನಂತೆ ಕೇಳಿ. ತಪ್ಪು ಹುಡುಕುವ ದನಿ ಬಂದರೆ ಉತ್ತರ ಅಲ್ಲಿಗೇ ನಿಲ್ಲುತ್ತದೆ. ಸೋದರಮಾವ ಮತ್ತು ಅಕ್ಕನ ಮಗಳ ವಂಶವಾಹಿಗಳಲ್ಲಿ ಸರಾಸರಿ ನಾಲ್ಕನೇ ಒಂದು ಭಾಗ ಸಮಾನ, ಅತ್ತೆ ಮಗ ಮತ್ತು ಮಾವನ ಮಗಳಲ್ಲಿ ಎಂಟನೇ ಒಂದು ಭಾಗ.

ಈ ಚಿತ್ರದಿಂದ ಎರಡು ವಿಷಯ ಹೊರಬೀಳುತ್ತವೆ. ಒಂದು, 25 ವರ್ಷದೊಳಗೆ, ಮೈ ದಪ್ಪವಿಲ್ಲದೆಯೇ, ತಲೆಮಾರಿನಿಂದ ತಲೆಮಾರಿಗೆ ಶುಗರ್ ಬರುತ್ತಿದ್ದರೆ ಅದು ಒಂದೇ ವಂಶವಾಹಿಯ ದೋಷದಿಂದ ಬರುವ ಮಧುಮೇಹ ಇರಬಹುದು. ಅದರಲ್ಲಿ ಪ್ರತಿ ಮಗುವಿಗೂ 50% ಸಾಧ್ಯತೆ, ಚಿಕಿತ್ಸೆಯೂ ಬೇರೆ ಆಗಬಹುದು, ಆದ್ದರಿಂದ ತಜ್ಞರ ಬಳಿ ಕಳಿಸಿ. ಎರಡು, ಕಬ್ಬಿಣದ ಮಾತ್ರೆ ಸರಿಯಾಗಿ ನುಂಗಿದರೂ ರಕ್ತ ಏರದ ಗರ್ಭಿಣಿ. ಅವರಿಗೆ ಥಲಸ್ಸೇಮಿಯಾ (ವಂಶದಿಂದ ಬರುವ ರಕ್ತದ ಕಾಯಿಲೆ) ವಾಹಕದ ಪರೀಕ್ಷೆ ಬೇಕು. ಗಂಡನೂ ವಾಹಕನಾಗಿದ್ದರೆ ಪ್ರತಿ ಗರ್ಭಕ್ಕೂ ಮಗುವಿಗೆ ಕಾಯಿಲೆ ಬರುವ ಅಪಾಯ 25%. "ಮೊದಲ ಮಗುವಿಗೆ ಬಂತಲ್ಲ, ಮುಂದಿನ ಮೂರು ಚೆನ್ನಾಗಿರುತ್ತವೆ" ಎಂದು ಲೆಕ್ಕ ಹಾಕುವವರು ಬಹಳ. ಹಾಗಲ್ಲ ಎಂದು ಬಿಡಿಸಿ ಹೇಳಿ. ಮಾಮೂಲಿ ಟೈಪ್ 2 ಶುಗರ್ ಮಾತ್ರ ಹೀಗೆ ಲೆಕ್ಕಕ್ಕೆ ಸಿಗುವುದಲ್ಲ. ಅಪ್ಪ ಅಮ್ಮನಿಗಿದ್ದರೆ ಅಪಾಯ ಹೆಚ್ಚು, ಆದರೆ ಸೊಂಟದ ಸುತ್ತಳತೆ ಇಳಿಸುವುದೂ ನಡಿಗೆಯೂ ಅದನ್ನು ತಗ್ಗಿಸಬಲ್ಲವು. ಸೊಂಟ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಒಳಗಿರಲಿ. 30 ದಾಟಿದ ಮಕ್ಕಳನ್ನೂ ಅದೇ ದಿನ ತಪಾಸಣೆಯ ಪಟ್ಟಿಗೆ ಸೇರಿಸಿ.

ಉಳಿಸಿ, ಹೊಂದಿಸಿ, ಬದಲಿಸಿ

ಸಂಸ್ಕೃತಿಯ ಬಗ್ಗೆ ನರ್ಸಿಂಗ್‌ಗೆ ದಾರಿ ತೋರಿದ ಮೆಡಲೀನ್ ಲೈನಿಂಜರ್ ಮೂರು ಬಗೆ ಹೇಳಿದರು: ಇರುವುದನ್ನು ಉಳಿಸುವುದು, ಹೊಂದಿಸಿಕೊಳ್ಳುವುದು, ಬದಲಿಸುವುದು. ಮಲೆನಾಡಿನ ಊಟಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಸೊಪ್ಪು, ಕಳಲೆ, ಹುರುಳಿ ಸಾರು ಉಳಿಯಲಿ. ಅಕ್ಕಿರೊಟ್ಟಿ, ಕಡುಬನ್ನು ಹೊಂದಿಸಿ: ಮೂರಿದ್ದದ್ದು ಎರಡಾಗಲಿ, ಪಲ್ಯ ಎರಡರಷ್ಟಾಗಲಿ. "ಅನ್ನ ಬಿಡಿ, ಮುದ್ದೆ ತಿನ್ನಿ" ಎನ್ನುವುದು ಅರೆಬೆಂದ ಸಲಹೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಮುದ್ದೆಯೇ ಮುಖ್ಯ ಊಟ, ಶುಗರ್ ಅಲ್ಲೂ ಇದೆ. ರಾಗಿಯಲ್ಲಿ ನಾರು ಹೆಚ್ಚು ನಿಜ, ಆದರೆ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಪಿಷ್ಟವೇ. ಮುದ್ದೆಯ ಗಾತ್ರ ನೋಡದೆ ಹೊಗಳಬೇಡಿ.

ಕಾಫಿಯನ್ನು ನಿಲ್ಲಿಸಲು ಹೇಳಬೇಡಿ, ಸಕ್ಕರೆ ಎಣಿಸಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ 40 ಗ್ರಾಂ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆ ಒಗ್ಗುತ್ತದೆ. ಬೆಲ್ಲದ ಕಾಫಿಗೆ ಬದಲಾದರೆ ಲಾಭವಿಲ್ಲ. ಉಪ್ಪು ದಿನಕ್ಕೆ ಒಂದು ಚಮಚ, ಅಂದರೆ 5 ಗ್ರಾಂ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಉಪ್ಪೂ ಆ ಲೆಕ್ಕದೊಳಗೇ.

ಉಪವಾಸದ ದಿನಗಳನ್ನು ಮೊದಲೇ ಕೇಳಿಕೊಳ್ಳಿ. ಏಕಾದಶಿ, ಶಿವರಾತ್ರಿ, ರಂಜಾನ್ ಯಾವುದೇ ಇರಲಿ, ಗ್ಲಿಮೆಪಿರೈಡ್ (ಸಕ್ಕರೆ ಇಳಿಸುವ ಮಾತ್ರೆ) ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರ ಡೋಸ್ ಬಗ್ಗೆ ವೈದ್ಯರನ್ನು ಮುಂಚಿತವಾಗಿ ಕೇಳಬೇಕು. ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಮಾತ್ರೆ ನುಂಗಿ ತಿಂಡಿ ತಿನ್ನದೆ ತೋಟಕ್ಕಿಳಿಯುವುದೂ ಇಷ್ಟೇ ಅಪಾಯ. ಸಕ್ಕರೆ ತೀರಾ ಇಳಿದು ನಡುಕ, ಬೆವರು ಬಂದರೆ, ಕಣ್ಣು ಮಂಜಾದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷ ನೋಡಿ, ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಕರೆ ಮಾಡಿ. ಹಾಗಲಕಾಯಿ ರಸ, ಮಧುನಾಶಿನಿ ಕುಡಿಯುತ್ತಿದ್ದರೆ ಬೈಯದೆ ಕೇಳಿ, ಚೀಟಿಯಲ್ಲಿ ಬರೆಯಿರಿ. ಮಾತ್ರೆಯ ಜೊತೆ ಅವೂ ಸಕ್ಕರೆ ಇಳಿಸಬಹುದು.

ಸಿರಿಂಜ್ ಮತ್ತು ಬಾಟಲಿ

ಇಲ್ಲಿ ಆಗುವ ತಪ್ಪು ಪ್ರಾಣಕ್ಕೇ ಬರುತ್ತದೆ. ಮಿ.ಲೀ.ಗೆ 40 ಯೂನಿಟ್‌ನ ಇನ್ಸುಲಿನ್ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ ಅನ್ನು ಕೆಂಪು ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಬಾಟಲಿಯ ಮೇಲಿನ ಅಂಕಿಯನ್ನು ರೋಗಿಯಿಂದಲೇ ಓದಿಸಿ. ಓದು ಬಾರದಿದ್ದರೆ ಬಣ್ಣ ತೋರಿಸಿ ಗುರುತು ಹಿಡಿಸಿ. ಬಿಳಿಮಂಕಾದ ಮಿಶ್ರ ಇನ್ಸುಲಿನ್ ಅನ್ನು ಕುಲುಕಬಾರದು, ಅಂಗೈಗಳ ನಡುವೆ ಉರುಳಿಸಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಒದ್ದೆ ಮರಳಿನ ಮೇಲೆ ಚಿಕ್ಕ ಮಡಕೆ ಇಟ್ಟು ಅದರೊಳಗೆ ಬಾಟಲಿ ಇಡಿ, ಒಲೆಯಿಂದ ದೂರ. ತೆರೆದ ತಾರೀಖು ಬರೆದು 28 ದಿನಕ್ಕೆ ಬದಲಿಸಿ.

ಮಳೆಗಾಲದ ಕಾಲು

ಗಂಬೂಟಿನಲ್ಲಿ ದಿನವಿಡೀ ನೆನೆದ ಪಾದ, ಬೆರಳ ಸಂದಿಯ ಹುಣ್ಣು, ಇಂಬಳ (ಜಿಗಣೆ) ಕಚ್ಚಿದ ಜಾಗವನ್ನು ಕೆರೆದ ಗಾಯ ಇವನ್ನು ಬೆಳಕಿನಲ್ಲಿ ನೋಡಿ. "ಚಪ್ಪಲಿ ಕಳಚಿಬಿದ್ದದ್ದು ಗೊತ್ತಾಗದೆ ನಡೆದದ್ದುಂಟೇ?" ಎಂದು ಕೇಳಿ. ಹೌದು ಎಂದರೆ ಸ್ಪರ್ಶ ಹೋಗಿದೆ ಎಂದೇ ಎಣಿಸಿ. 10 ಗ್ರಾಂ ಮೊನೊಫಿಲಮೆಂಟ್ (ಸ್ಪರ್ಶ ಪರೀಕ್ಷಿಸುವ ನೈಲಾನ್ ಎಳೆ) ಇದ್ದರೆ ರೋಗಿ ಕಣ್ಣು ಮುಚ್ಚಿರುವಾಗ, ಎಳೆ ಬಾಗುವಷ್ಟು ಒತ್ತಿ. ಗಟ್ಟಿ ಚರ್ಮದ ಮೇಲೆ ಬೇಡ. ಚಳಿಗೆ ಬಚ್ಚಲೊಲೆಯ ಮುಂದೆ ಕಾಲು ಚಾಚಿ ಕೂರುವ ಅಭ್ಯಾಸವನ್ನು ಮಾತ್ರ ಬದಲಿಸಲೇಬೇಕು. ಜೋಮು ಹಿಡಿದ ಪಾದ ಸುಟ್ಟರೂ ತಿಳಿಯದು. ಬಿಸಿನೀರನ್ನು ಮೊದಲು ಮೊಣಕೈಯಿಂದ ಮುಟ್ಟಿ ನೋಡಲಿ.

ಹೊರಡುವ ಮುಂಚೆ, ಏನು ಮಾಡಬೇಕೆಂದು ರೋಗಿಯೇ ನಿಮಗೆ ತಿರುಗಿ ಹೇಳಲಿ. ಒಂದು ಭೇಟಿಗೆ ಒಂದೇ ಬದಲಾವಣೆ ಸಾಕು. ಬಿಪಿ 180/110 ದಾಟಿದ್ದರೆ, ಪಾದದಲ್ಲಿ ಕೀವು ಅಥವಾ ಕಪ್ಪು ಬಣ್ಣ ಕಂಡರೆ, ರಕ್ತದ ಸಕ್ಕರೆ 300 ದಾಟಿ ವಾಂತಿಯೂ ಇದ್ದರೆ ಮುಂದಿನ ಭೇಟಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಕಳಿಸಿ. ತೋಟದ ಜೀಪ್ ಸಿಗುತ್ತದೆಯೇ ಎಂದು ತೋಟದ ಲೆಕ್ಕ ನೋಡುವ ರೈಟರ್ ಬಳಿ ನೀವೇ ಮಾತಾಡಿ.